ಕಂಪ್ಯೂಟರಿಗೆ ಎರಡು ಸೆಕೆಂಡು ಕೊಡಿ

ಕಳೆದ ತಿಂಗಳು ಓದುಗ ಸಹೋದರಿಯೊಬ್ಬರು ಫೋನ್ ಮಾಡಿದ್ದರು. ಸಲಾಂ ಹೇಳಿ, ಮನೆಮಂದಿಯ ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಮೆಲ್ಲಗೆ, "ಟೀಚರ್, ಕಂಪ್ಯೂಟರ್ ಸುಳ್ಳು ಹೇಳುತ್ತದಾ?" ಎಂದು ಕೇಳಿದರು.

ವಿಷಯ ಇಷ್ಟು. ಅವರ ಉಮ್ಮ ತೀರಿಕೊಂಡು ಒಂದು ವರ್ಷವಾಯಿತು. ಕೊನೆಯ ತಿಂಗಳುಗಳಲ್ಲಿ ಉಮ್ಮ ಮಲಗಿದಲ್ಲೇ ತಮ್ಮ ಮದುವೆಯ ಕಾಲದ ಕಥೆ, ಯಾರು ಯಾರ ಮಗಳು, ಯಾರನ್ನು ಯಾವ ಊರಿಗೆ ಕೊಟ್ಟದ್ದು, ಯಾವ ಮಳೆಗಾಲದಲ್ಲಿ ಮನೆಯ ಗೋಡೆ ಬಿದ್ದದ್ದು ಎಂದೆಲ್ಲ ಹೇಳುತ್ತಿದ್ದರಂತೆ. ಮಗಳು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದರು. ಒಟ್ಟು ಹನ್ನೊಂದು. ಮೊಬೈಲ್ ತುಂಬಿ ಹೋಗಿ ಹೊಸದಾಗಿ ಏನೂ ಹಿಡಿಸುವುದಿಲ್ಲ ಎಂದಾದಾಗ ಅದನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿ, ಆ ಹನ್ನೊಂದನ್ನೂ ನೇರವಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದರು. ಹಸಿರು ಪಟ್ಟಿ ತುದಿ ಮುಟ್ಟಿತು, ಮುಗಿಯಿತು. ಮುಗಿಯಿತೆಂದ ಮೇಲೆ ಮೊಬೈಲಿನಲ್ಲಿದ್ದುದನ್ನು ಅಳಿಸಿದರು. ಅಷ್ಟರಲ್ಲಿ ಗುಡುಗು ಶುರುವಾಯಿತು. ಬೇಗ ಬೇಗ ಶಟ್ ಡೌನ್ ಒತ್ತಿ, ಪರದೆ ಕಪ್ಪಾದ ಕೂಡಲೇ ಗೋಡೆಯ ಸ್ವಿಚ್ಚು ಆರಿಸಿದರು. ಮರುದಿನ ನೋಡಿದರೆ ಡಿಸ್ಕಿನಲ್ಲಿ ಹನ್ನೊಂದು ಹೆಸರುಗಳೂ ಇವೆ. ಒಂದೂ ಹಾಡುವುದಿಲ್ಲ.

"ಮಗ ಮುಟ್ಟಿ ಹಾಳು ಮಾಡಿದ ಅಂತ ಅವನಿಗೆ ಒಂದು ಪೆಟ್ಟೂ ಕೊಟ್ಟೆ ಟೀಚರ್. ಅವನು ಮುಟ್ಟಿಲ್ಲ ಅಂತಾನೆ" ಎಂದರು.

ಈ ಮಾತು ಕೇಳಿ ನನಗೆ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು. 2004ರ ಮಾತು. ನಾನಾಗ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಶಾಲೆಗೆ ಯಾರೋ ದಾನವಾಗಿ ಕೊಟ್ಟಿದ್ದ ಹಳೆಯ ಕಂಪ್ಯೂಟರ್ ಒಂದಿತ್ತು. ಅದನ್ನು ಹಾಕುವುದು, ಆರಿಸುವುದು ಎಂಟನೆಯ ತರಗತಿಯ ಒಬ್ಬ ಹುಡುಗನ ಪಾಲಿಗೆ ಬಂದಿತ್ತು, ಏಕೆಂದರೆ ನಮಗ್ಯಾರಿಗೂ ಅದರ ಗೊಡವೆ ಸರಿಯಾಗಿ ತಿಳಿದಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನು, ಮೂರು ತರಗತಿಗಳದ್ದು, ನಾನು ಎರಡು ಸಂಜೆ ಕುಳಿತು ಟೈಪ್ ಮಾಡಿದ್ದೆ. ಎರಡನೆಯ ಸಂಜೆ ಸೇವ್ ಮಾಡಿ, "ಆಫ್ ಮಾಡಿ ಬಾ" ಎಂದು ಅವನಿಗೆ ಹೇಳಿ ಹೊರಟೆ. ಮರುದಿನ ಪಟ್ಟಿಯನ್ನು ತೆರೆದರೆ ಅಕ್ಷರಗಳ ಬದಲು ಏನೇನೋ ಗುರುತುಗಳು. ಹುಡುಗ ಸೀದಾ ಪ್ಲಗ್ಗನ್ನೇ ಎಳೆದಿದ್ದಾನೆ ಎಂದು ನಾನು ತೀರ್ಮಾನಿಸಿದೆ. "ಇಲ್ಲ ಟೀಚರ್, ಸರಿಯಾಗಿಯೇ ಆಫ್ ಮಾಡಿದೆ" ಎಂದು ಅವನು ಎಷ್ಟು ಹೇಳಿದರೂ ನಾನು ನಂಬಲಿಲ್ಲ. ಆ ವರ್ಷ ಮುಗಿಯುವವರೆಗೆ ಅವನನ್ನು ಆ ಕೋಣೆಗೆ ಬಿಡಲಿಲ್ಲ.

ಹಲವು ವರ್ಷಗಳ ಬಳಿಕ ಈ ವಿಷಯವನ್ನು ಓದಿ ತಿಳಿದಾಗ ನನ್ನ ಕೈ ತಣ್ಣಗಾಯಿತು. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ನಡೆದದ್ದೂ ಇದೇ ಎಂದು ನಾನು ಹೇಳಲಾರೆ. ಡಿಸ್ಕೇ ಹಳತಾಗಿ ಕೆಟ್ಟಿರಬಹುದು. ಆದರೆ ಹುಡುಗ ಹೇಳಿದ್ದು ನಿಜವಾಗಿರುವ ಸಾಧ್ಯತೆ ಇತ್ತು, ಸರಿಯಾಗಿ ಆರಿಸಿದರೂ ಬರೆದದ್ದು ಅಳಿಸಿ ಹೋಗುವುದು ಇತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಕಂಪ್ಯೂಟರ್ 'ಮುಗಿಯಿತು' ಎಂದಾಗ ನಿಜವಾಗಿ ಏನು ಮುಗಿದಿರುತ್ತದೆ?

ನಾನು ಟೀಚರ್ ಅಲ್ಲವೇ, ನನಗೆ ಮೊದಲು ಹೊಳೆಯುವುದು ಸ್ಲೇಟು ಮತ್ತು ಪುಸ್ತಕ. ಕಂಪ್ಯೂಟರಿನ ಒಳಗೆ ರ‍್ಯಾಮ್ ಎಂಬ ನೆನಪು ಇದೆ. ಅದು ಸ್ಲೇಟು. ಬರೆಯುವುದು ಬಲು ಬೇಗ, ಆದರೆ ಕರೆಂಟ್ ಹೋಯಿತೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಎಲ್ಲ ಹೋಯಿತು. ಹಾರ್ಡ್ ಡಿಸ್ಕ್ ಪುಸ್ತಕ. ಕರೆಂಟ್ ಇರಲಿ ಬಿಡಲಿ, ಬರೆದದ್ದು ಉಳಿಯುತ್ತದೆ. ಆದರೆ ಅದರಲ್ಲಿ ಬರೆಯಲು ಸಮಯ ಬೇಕು. ಹಾರ್ಡ್ ಡಿಸ್ಕಿನ ಪೆಟ್ಟಿಗೆಯ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಸಾಮಾನ್ಯ ಡಿಸ್ಕಿನಲ್ಲಿ ಅವು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ, ಮುಟ್ಟಿಯೂ ಮುಟ್ಟದಂತೆ, ಒಂದು ಪುಟ್ಟ ಕೈಯ ತುದಿಯಲ್ಲಿರುವ ಹೆಡ್ ತೇಲುತ್ತಾ ಓದುತ್ತದೆ, ಬರೆಯುತ್ತದೆ. 7200 ಸುತ್ತಿನ ಡಿಸ್ಕಿಗೆ ಒಂದು ಸುತ್ತು ಬರಲು ಎಂಟು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಮಗೆ ಅದು ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆದರೆ ಇಂದಿನ ಪ್ರೊಸೆಸರ್ ಅಷ್ಟರಲ್ಲಿ ಎರಡು ಕೋಟಿ ಹೆಜ್ಜೆ ನಡೆದಿರುತ್ತದೆ. ಪ್ರತಿಯೊಂದು ಅಕ್ಷರಕ್ಕೂ ಅದು ತಟ್ಟೆ ತಿರುಗಿ ಬರಲೆಂದು ಕಾಯುತ್ತಾ ಕುಳಿತರೆ ಯಾವ ಕೆಲಸವೂ ಸಾಗದು.

ಆದ್ದರಿಂದ ಒಂದು ಉಪಾಯ. ರಂಝಾನಿನ ಕೊನೆಯ ವಾರ ದಿನಸಿ ಅಂಗಡಿಯ ಗದ್ದಲವನ್ನು ನೀವು ನೋಡಿರಬಹುದು. ಅಂಗಡಿಯವರು ಸಾಲದ ಲೆಕ್ಕವನ್ನು ಆಗಲೇ ದೊಡ್ಡ ಪುಸ್ತಕದಲ್ಲಿ ಬರೆಯುತ್ತಾ ಕೂರುವುದಿಲ್ಲ. ಒಂದು ಚೀಟಿಯಲ್ಲಿ ಗೀಚಿ ಮೊಳೆಗೆ ಸಿಕ್ಕಿಸುತ್ತಾರೆ. "ಆಯ್ತು, ನೀವು ಹೋಗಿ" ಎನ್ನುತ್ತಾರೆ. ರಾತ್ರಿ ಅಂಗಡಿ ಮುಚ್ಚುವ ಮೊದಲು ಕುಳಿತು, ಚೀಟಿಗಳನ್ನು ಒಂದೊಂದಾಗಿ ತೆಗೆದು, ಯಾರ್ಯಾರ ಪುಟದಲ್ಲಿ ಏನೇನು ಬರೆಯಬೇಕೋ ಬರೆಯುತ್ತಾರೆ. ಕಂಪ್ಯೂಟರೂ ಹೀಗೆಯೇ ಮಾಡುತ್ತದೆ. ಈ ಚೀಟಿ ಸಿಕ್ಕಿಸುವ ಮೊಳೆಗೆ ಕ್ಯಾಶ್ ಎನ್ನುತ್ತಾರೆ. ಗಲ್ಲಾಪೆಟ್ಟಿಗೆಯ ಕ್ಯಾಶ್ ಅಲ್ಲ, ಉಚ್ಚಾರ ಮಾತ್ರ ಒಂದೇ!

ಇಲ್ಲಿ ಒಂದಲ್ಲ, ಎರಡು ಮೊಳೆಗಳಿವೆ ಎಂಬುದನ್ನು ಗಮನಿಸಬೇಕು. ಮೊದಲನೆಯದು ಕಂಪ್ಯೂಟರಿನ ರ‍್ಯಾಮಿನಲ್ಲಿ. ನೀವು ಸೇವ್ ಒತ್ತಿದಾಗ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಅದನ್ನು ಅಲ್ಲಿ ಇಟ್ಟುಕೊಂಡು ನಿಮಗೆ 'ಆಯ್ತು' ಎನ್ನುತ್ತದೆ. ಸಮಯ ನೋಡಿ ಡಿಸ್ಕಿಗೆ ಕಳುಹಿಸುತ್ತದೆ. ಲಿನಕ್ಸಿನಲ್ಲಿ ಈ ಕಾಯುವಿಕೆ ಸಾಮಾನ್ಯವಾಗಿ ಅರ್ಧ ನಿಮಿಷದವರೆಗೂ ಇರಬಹುದು. ಎರಡನೆಯ ಮೊಳೆ ಹಾರ್ಡ್ ಡಿಸ್ಕಿನ ಪೆಟ್ಟಿಗೆಯ ಒಳಗೇ ಇದೆ. ಡಿಸ್ಕಿಗೂ ತನ್ನದೇ ಆದ ಒಂದು ಪುಟ್ಟ ಸ್ಲೇಟು ಇರುತ್ತದೆ. ಕಂಪ್ಯೂಟರ್ ಕಳುಹಿಸಿದ್ದನ್ನು ಅದರಲ್ಲಿ ಬರೆದುಕೊಂಡು, ಡಿಸ್ಕು ಕೂಡಾ ಕಂಪ್ಯೂಟರಿಗೆ 'ಆಯ್ತು' ಎನ್ನುತ್ತದೆ. 2000ದ ಸುಮಾರಿಗೆ ಮನೆಗಳಿಗೆ ಬರುತ್ತಿದ್ದ ಡಿಸ್ಕುಗಳಲ್ಲಿ ಈ ಸ್ಲೇಟು ಹೆಚ್ಚಾಗಿ 2 ಎಂಬಿ ಇರುತ್ತಿತ್ತು. ಇಂದಿನ ಡಿಸ್ಕುಗಳಲ್ಲಿ 64ರಿಂದ 256 ಎಂಬಿವರೆಗೂ ಇದೆ.

ಹೀಗೆ ಆ ಸಹೋದರಿಗೆ ಬಂದ 'ಮುಗಿಯಿತು' ಎಂಬ ಉತ್ತರ ಚೀಟಿಯ ಉತ್ತರ. ಪುಸ್ತಕದ್ದಲ್ಲ. ಸುಳ್ಳು ಎನ್ನಲಾಗದು, ಪೂರ್ತಿ ಸತ್ಯವೂ ಅಲ್ಲ.

ಹೆಸರುಗಳು ಮಾತ್ರ ಉಳಿದು ಒಳಗಿನದ್ದು ಯಾಕೆ ಹೋಯಿತು ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಡಿಸ್ಕು ಚೀಟಿಗಳನ್ನು ಬಂದ ಸರದಿಯಲ್ಲೇ ಬರೆಯುವುದಿಲ್ಲ. ಅಂಚೆಯವರು ಕಾಗದಗಳನ್ನು ಬೀದಿಯ ಪ್ರಕಾರ ಜೋಡಿಸಿಕೊಂಡು ಹೊರಡುವಂತೆ, ಹೆಡ್ಡಿಗೆ ಹತ್ತಿರವಾದುದನ್ನು ಮೊದಲು ಬರೆಯುತ್ತದೆ. ಫೈಲಿನ ಹೆಸರು, ಗಾತ್ರ, ತಾರೀಕು ಇರುವುದು ಡಿಸ್ಕಿನ ಒಂದು ಕಡೆ, ಪುಸ್ತಕದ ಪರಿವಿಡಿಯ ಹಾಗೆ. ಧ್ವನಿ ಇರುವುದು ಇನ್ನೊಂದು ಕಡೆ. ಪರಿವಿಡಿ ಬರೆದಾಯಿತು, ಪುಟ ಬರೆಯುವ ಮೊದಲು ದೀಪ ಆರಿತು. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ವ್ಯವಸ್ಥೆಯಲ್ಲಿ ಇಂಥ ಅವಘಡಕ್ಕೆಂದೇ ಒಂದು ದಿನಚರಿ ಇಡುತ್ತಾರೆ. ಆದರೆ ಅದು ಕಾಪಾಡುವುದು ಮುಖ್ಯವಾಗಿ ಪರಿವಿಡಿಯನ್ನು. ಪುಟದೊಳಗಿನ ಬರಹಕ್ಕೆ ಅದರ ಹೊಣೆಯಿಲ್ಲ. ಪೆನ್ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಫ್ಎಟಿ32 ವ್ಯವಸ್ಥೆಯಲ್ಲಂತೂ ಆ ದಿನಚರಿಯೂ ಇಲ್ಲ.

ಇನ್ನು ಆ ಎರಡು ಸೆಕೆಂಡಿನ ಕಥೆ. ನನಗೆ ಇದು ಬಹಳ ಇಷ್ಟ.

ವಿಂಡೋಸ್ 95ರ ಕಾಲದ ಕಂಪ್ಯೂಟರುಗಳನ್ನು ಬಳಸಿದವರಿಗೆ ನೆನಪಿರಬಹುದು. ಶಟ್ ಡೌನ್ ಕೊಟ್ಟ ಮೇಲೆ ಕಪ್ಪು ಪರದೆಯಲ್ಲಿ ಕಿತ್ತಳೆ ಬಣ್ಣದ ಅಕ್ಷರಗಳು ಬರುತ್ತಿದ್ದವು: ಈಗ ನಿಮ್ಮ ಕಂಪ್ಯೂಟರನ್ನು ಆರಿಸಿದರೆ ಅಪಾಯವಿಲ್ಲ ಎಂಬ ಅರ್ಥದ್ದು. ಅದನ್ನು ಓದಿ, ಕೈ ಚಾಚಿ, ಪೆಟ್ಟಿಗೆಯ ದೊಡ್ಡ ಸ್ವಿಚ್ಚನ್ನು ನಾವೇ ಒತ್ತಬೇಕಿತ್ತು. ಟಕ್ ಎಂದು ಆರುತ್ತಿತ್ತು. ಆ ಸ್ವಿಚ್ಚು ಮನೆಯ ದೀಪದ ಸ್ವಿಚ್ಚಿನ ಹಾಗೆ ನೇರವಾಗಿ ಕರೆಂಟನ್ನು ಕಡಿಯುವಂಥದ್ದು.

1995ರಲ್ಲಿ ಇಂಟೆಲ್ ಕಂಪೆನಿ ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ಮುಂದಿಟ್ಟಿತು. ಇದರಲ್ಲಿ ಕಂಪ್ಯೂಟರೇ ತನ್ನ ಪವರ್ ಸಪ್ಲೈಗೆ 'ಆರು' ಎಂದು ಹೇಳಬಹುದು. ನಮ್ಮ ಕೈಯ ಅಗತ್ಯವಿಲ್ಲ. ಅನುಕೂಲವೇ ಆಯಿತು. ಆದರೆ ಯಾರೂ ಯೋಚಿಸದ ಒಂದು ಸಂಗತಿ ಇದರಲ್ಲಿತ್ತು. ಆ ಕಿತ್ತಳೆ ಅಕ್ಷರಗಳನ್ನು ಓದಿ, ಕೈ ಚಾಚಿ, ಸ್ವಿಚ್ಚು ಹುಡುಕಿ ಒತ್ತುವುದರಲ್ಲಿ ನಮಗೆ ಎರಡು ಮೂರು ಸೆಕೆಂಡು ಹಿಡಿಯುತ್ತಿತ್ತಲ್ಲ, ಆ ಹೊತ್ತಿನಲ್ಲಿ ಡಿಸ್ಕು ಸದ್ದಿಲ್ಲದೆ ತನ್ನ ಚೀಟಿಗಳನ್ನು ಬರೆದು ಮುಗಿಸುತ್ತಿತ್ತು. ನಮ್ಮ ನಿಧಾನವೇ ಅದಕ್ಕೆ ಕಾವಲಾಗಿತ್ತು!

ನಮ್ಮ ಕೈ ಹೋಯಿತು, ಆ ಸೆಕೆಂಡುಗಳೂ ಹೋದವು. ಅತ್ತ ಪ್ರೊಸೆಸರ್ ವೇಗವಾಯಿತು, ಇತ್ತ ಡಿಸ್ಕಿನ ಸ್ಲೇಟು ದೊಡ್ಡದಾಯಿತು. ವಿಂಡೋಸ್ 98 ತನ್ನ ಕೆಲಸ ಮುಗಿಸಿ, ಎಲ್ಲವನ್ನೂ ಡಿಸ್ಕಿಗೆ ಒಪ್ಪಿಸಿ, ಡಿಸ್ಕು ಅದನ್ನು ತಟ್ಟೆಗೆ ಇಳಿಸುವ ಮೊದಲೇ ಕರೆಂಟ್ ಕಡಿದುಬಿಡುವ ಸಂದರ್ಭಗಳು ಬಂದವು. ಬಳಸಿದವರು ಕ್ರಮ ತಪ್ಪಿರಲಿಲ್ಲ. ಸರಿಯಾದ ಕಡೆಯೇ ಒತ್ತಿದ್ದರು. ಮೈಕ್ರೋಸಾಫ್ಟ್ ಕಂಪೆನಿ ಇದನ್ನು ಒಪ್ಪಿಕೊಂಡು ವಿಂಡೋಸ್ 98ಕ್ಕೆ ಒಂದು ತಿದ್ದುಪಡಿ ಬಿಡುಗಡೆ ಮಾಡಿತು. ವೇಗದ ಪ್ರೊಸೆಸರ್ ಮತ್ತು ದೊಡ್ಡ ಕ್ಯಾಶ್ ಇರುವ ಐಡಿಇ ಡಿಸ್ಕು ಎರಡೂ ಸೇರಿದಲ್ಲಿ ಮಾಹಿತಿ ಕಳೆದುಹೋಗುವ ಅಪಾಯವಿದೆ ಎಂದು ಅದರ ವಿವರಣೆಯಲ್ಲಿಯೇ ಇತ್ತು. ಅಷ್ಟು ದೊಡ್ಡ ಕಂಪೆನಿ ಕಂಡುಹಿಡಿದ ಔಷಧಿ ಏನು ಗೊತ್ತೇ? ಆರಿಸುವ ಮೊದಲು ಎರಡು ಸೆಕೆಂಡು ಸುಮ್ಮನೆ ಕಾಯುವುದು. ನಮ್ಮ ಕೈ ಅಷ್ಟು ಕಾಲ ಪುಕ್ಕಟೆ ಮಾಡುತ್ತಿದ್ದ ಕೆಲಸ ಅದು.

ವಿಂಡೋಸ್ 98ಕ್ಕೆ ಕಂಪೆನಿಯ ಬೆಂಬಲ 2006ರ ಜುಲೈಯಲ್ಲಿ ನಿಂತಿತು. ಅದರ ಕಥೆ ಮುಗಿಯಿತು. ಬಳಿಕ ಬಂದ ವ್ಯವಸ್ಥೆಗಳು ಸುಮ್ಮನೆ ಕಾಯುವುದಿಲ್ಲ, ಕೇಳಿ ತಿಳಿದುಕೊಳ್ಳುತ್ತವೆ. ಆರಿಸುವ ಮೊದಲು ಡಿಸ್ಕಿಗೆ 'ನಿನ್ನ ಕ್ಯಾಶ್ ಖಾಲಿ ಮಾಡು' ಎಂಬ ಅಪ್ಪಣೆ ಹೋಗುತ್ತದೆ. ಇದಕ್ಕೆ ಫ್ಲಶ್ ಎನ್ನುತ್ತಾರೆ. ಎಲ್ಲ ಚೀಟಿಗಳನ್ನೂ ತಟ್ಟೆಯಲ್ಲಿ ಬರೆದು ಮುಗಿಸಿದ ಮೇಲೆಯೇ ಡಿಸ್ಕು ಇದಕ್ಕೆ ಉತ್ತರ ಕೊಡಬೇಕು. ಆ ಮೇಲೆ ಹೆಡ್ಡನ್ನು ಅದರ ಜಾಗದಲ್ಲಿ ಮಲಗಿಸಿ, ತಟ್ಟೆ ನಿಲ್ಲಿಸಿ, ಕೊನೆಗೆ ಕರೆಂಟ್. ಒಳ್ಳೆಯ ಏರ್ಪಾಡು. ಆದರೆ ಹೊರಗಿನ ಡಿಸ್ಕಿನಲ್ಲಿ ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ಯುಎಸ್‌ಬಿಯ ಒಂದು ಸಣ್ಣ ಸರ್ಕ್ಯೂಟ್ ಇರುತ್ತದೆ. ಕೆಲವು ಅಗ್ಗದ ಪೆಟ್ಟಿಗೆಗಳಲ್ಲಿ ಅದು ಈ ಅಪ್ಪಣೆಯನ್ನು ಸರಿಯಾಗಿ ದಾಟಿಸುವುದಿಲ್ಲ. ಅಲ್ಲದೆ, ಈ ಎಲ್ಲ ಏರ್ಪಾಡು ನಡೆಯಬೇಕಾದರೆ ಅಷ್ಟು ಹೊತ್ತು ಗೋಡೆಯಿಂದ ಕರೆಂಟ್ ಬರುತ್ತಿರಬೇಕಲ್ಲ?

ನಮ್ಮ ಮನೆಗಳಲ್ಲಿ ಎಡವುವುದು ಇಲ್ಲಿಯೇ. ಪರದೆ ಕಪ್ಪಾಯಿತೆಂದರೆ ಕಂಪ್ಯೂಟರ್ ಆರಿತೆಂದು ನಾವು ತಿಳಿದಿದ್ದೇವೆ. ಪರದೆ ಬೇರೆ, ಪೆಟ್ಟಿಗೆ ಬೇರೆ. ಪರದೆಗೆ ಹೋಗುವ ಚಿತ್ರ ಮೊದಲೇ ನಿಲ್ಲಬಹುದು, ಒಳಗೆ ಫ್ಯಾನ್ ಇನ್ನೂ ತಿರುಗುತ್ತಿರುತ್ತದೆ, ಪೆಟ್ಟಿಗೆಯ ಮುಂದಿನ ಚಿಕ್ಕ ದೀಪ ಮಿನುಗುತ್ತಿರುತ್ತದೆ. ಆ ದೀಪ ಆರಿ, ಫ್ಯಾನಿನ ಸದ್ದು ಪೂರ್ತಿ ನಿಂತ ಮೇಲೆ ಮಾತ್ರ ಗೋಡೆಯ ಸ್ವಿಚ್ಚಿಗೆ ಕೈ ಹಾಕಬೇಕು. ಹೊರಗಿನ ಡಿಸ್ಕು ಇದ್ದರೆ ಅದರ ದೀಪವನ್ನೂ ನೋಡಿ. ಕಿವಿಗೊಟ್ಟರೆ ತಟ್ಟೆಗಳು ನಿಧಾನಿಸಿ ನಿಲ್ಲುವ ಸದ್ದೂ ಕೇಳುತ್ತದೆ.

ಗುಡುಗಿನ ದಿನಗಳಲ್ಲಿ ಪ್ಲಗ್ ಕಳಚಬೇಡಿ ಎಂದು ನಾನು ಹೇಳುವುದಿಲ್ಲ. ಕರಾವಳಿಯ ಸಿಡಿಲಿನ ಭಯ ನನಗೂ ಗೊತ್ತು. ಮೋಡ ಕಟ್ಟಿದ ದಿನ ದೊಡ್ಡ ಕಾಪಿ ಕೆಲಸಕ್ಕೆ ಕೂರದಿದ್ದರಾಯಿತು.

ಲ್ಯಾಪ್‌ಟಾಪ್ ಇದ್ದವರಿಗೆ ಈ ತೊಂದರೆ ಕಡಿಮೆ, ಏಕೆಂದರೆ ಕರೆಂಟ್ ಹೋದರೂ ಬ್ಯಾಟರಿ ಇದೆ. ಆದರೆ ಎಷ್ಟೋ ಮನೆಗಳಲ್ಲಿ ನಾನು ನೋಡಿದ್ದೇನೆ: ಬ್ಯಾಟರಿ ಸತ್ತು ವರ್ಷಗಳಾಗಿವೆ, ಹೊಸದಕ್ಕೆ ಹಣ ಹಾಕುವುದೇಕೆ ಎಂದು ಚಾರ್ಜರ್ ವಯರಿನ ಮೇಲೆಯೇ ನಡೆಸುತ್ತಿದ್ದಾರೆ. ಅಂಬೆಗಾಲಿಡುವ ಮಗು ವಯರ್ ಎಳೆದರೆ ಮುಗಿಯಿತು, ಅದು ಪ್ಲಗ್ ಕಿತ್ತಂತೆಯೇ. ಬ್ಯಾಟರಿಗೆ ಹಾಕುವ ಹಣ ದಂಡವಲ್ಲ. ಡೆಸ್ಕ್‌ಟಾಪಿಗಾದರೆ ಒಂದು ಸಣ್ಣ ಯುಪಿಎಸ್. ಕೆಲಸ ಸೇವ್ ಮಾಡಿ ಕ್ರಮವಾಗಿ ಆರಿಸಲು ಬೇಕಾಗುವ ಕೆಲವು ನಿಮಿಷ ಅದು ಕೊಡುತ್ತದೆ. ಕೊಡುವುದು ಅಷ್ಟೇ, ಅದರ ಮೇಲೆ ಸಂಜೆಯಿಡೀ ಧಾರಾವಾಹಿ ನೋಡಬಾರದು. ಮನೆಗೆ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಎಂದು ಕೇಳುವವರಿದ್ದಾರೆ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ನಡುವಿನ ಅಂತರ ಫ್ಯಾನಿಗೆ ತಿಳಿಯುವುದಿಲ್ಲ, ಕಂಪ್ಯೂಟರಿಗೆ ತಿಳಿಯುತ್ತದೆ. ಹಲವು ಇನ್ವರ್ಟರುಗಳ ಹಿಂಬದಿಯಲ್ಲಿ ಯುಪಿಎಸ್ ಎಂದು ಬರೆದಿರುವ ಒಂದು ಗುಂಡಿ ಇರುತ್ತದೆ. ಅದನ್ನು ಆ ಕಡೆಗೆ ಹಾಕಿದರೆ ಅಂತರ ಕಡಿಮೆಯಾಗುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಒಮ್ಮೆ ಕೇಳಿ ನೋಡಿ.

ಕಂಪ್ಯೂಟರ್ ಸ್ತಬ್ಧವಾದಾಗ ಪವರ್ ಗುಂಡಿಯನ್ನು ಒತ್ತಿ ಹಿಡಿಯುವುದು ಮಕ್ಕಳಿಗೆಲ್ಲ ಗೊತ್ತು. ಒಮ್ಮೆ ಒತ್ತಿ ಬಿಟ್ಟರೆ ಅದು ವಿಂಡೋಸಿಗೆ ಕೊಡುವ ಸೂಚನೆ ಮಾತ್ರ. ನಾಲ್ಕು ಸೆಕೆಂಡು ಹಿಡಿದಿಟ್ಟರೆ ಯಾರನ್ನೂ ಕೇಳದೆ ಕರೆಂಟ್ ಕಡಿಯುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು. ಅದಕ್ಕೂ ಮೊದಲು ಡಿಸ್ಕಿನ ದೀಪ ಮಿನುಗುತ್ತಿದೆಯೇ ನೋಡಿ, ಮಿನುಗುತ್ತಿದ್ದರೆ ಚಹಾ ಕುಡಿದು ಬನ್ನಿ.

ಹೀಗೆ ಥಟ್ಟನೆ ಕರೆಂಟ್ ಹೋದಾಗ ಹೆಡ್ಡು ತಟ್ಟೆಯ ಮೇಲೆ ಬಿದ್ದು ಗೀಚುವುದಿಲ್ಲವೇ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಡಿಸ್ಕು ಮಾಡುವವರು ಸೊಗಸಾದ ದಾರಿ ಕಂಡುಕೊಂಡಿದ್ದಾರೆ. ಕರೆಂಟ್ ಹೋದರೂ ತಟ್ಟೆಗಳು ಆ ವೇಗದಲ್ಲಿ ಇನ್ನೂ ತಿರುಗುತ್ತಿರುತ್ತವೆ. ಆ ತಿರುಗುವಿಕೆಯಿಂದ ಮೋಟಾರೇ ಡೈನಮೋ ಆಗಿ ಒಂದಿಷ್ಟು ವಿದ್ಯುತ್ ಹುಟ್ಟಿಸುತ್ತದೆ, ಅದರ ಬಲದಿಂದ ಹೆಡ್ಡು ತನ್ನ ಜಾಗಕ್ಕೆ ಓಡುತ್ತದೆ. ಆಗ ಬರುವ ಟಕ್ ಸದ್ದು ಅದೇ. ಹೀಗೆ ಡಿಸ್ಕು ತನ್ನ ಪ್ರಾಣ ಉಳಿಸಿಕೊಳ್ಳುತ್ತದೆ. ಸಾಮಾನ್ಯ ಡಿಸ್ಕುಗಳಲ್ಲಿ ಚೀಟಿಗಳನ್ನು ಉಳಿಸುವಷ್ಟು ಪುರುಸೊತ್ತು ಅದಕ್ಕಿಲ್ಲ.

ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗಳು ಈಗ ಹೆಚ್ಚಾಗಿವೆ. ಸದ್ದಿಲ್ಲ, ವೇಗ ಹೆಚ್ಚು. ಹಾಗೆಂದು ಈ ವಿಷಯದಲ್ಲಿ ಅವು ನಿರ್ಭಯವೆಂದು ತಿಳಿಯಬೇಡಿ. ಯಾವ ಮಾಹಿತಿ ಯಾವ ಕೋಶದಲ್ಲಿದೆ ಎಂಬ ನಕ್ಷೆಯನ್ನು ಅವು ಸದಾ ತಿದ್ದುತ್ತಿರುತ್ತವೆ. ತಿದ್ದುವ ನಡುವೆ ಕರೆಂಟ್ ಹೋದರೆ ತೊಂದರೆಯಾಗಬಹುದು. ದೊಡ್ಡ ಕಂಪೆನಿಗಳ ಡಾಟಾ ಸೆಂಟರುಗಳಿಗೆ ಮಾಡುವ ಎಸ್‌ಎಸ್‌ಡಿಗಳಲ್ಲಿ ಇದಕ್ಕೆಂದು ಕೆಪಾಸಿಟರ್‌ಗಳನ್ನು ಇಟ್ಟಿರುತ್ತಾರೆ. ಮನೆಗೆ ತರುವವುಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಪೆನ್ ಡ್ರೈವ್ ಮತ್ತು ಹೊರಗಿನ ಡಿಸ್ಕಿನ ಬಗ್ಗೆ ಒಂದು ಗೊಂದಲವಿದೆ. "ಈಗ ಎಜೆಕ್ಟ್ ಮಾಡುವ ಅಗತ್ಯವಿಲ್ಲವಂತೆ" ಎಂದು ಮಕ್ಕಳು ವಾದಿಸುತ್ತಾರೆ. ಅರ್ಧ ನಿಜ. 2018ರ ವಿಂಡೋಸ್ 10ರ ಒಂದು ಅವತರಣಿಕೆಯಿಂದ ಹೊರಗಿನ ಡಿಸ್ಕುಗಳಿಗೆ 'ಬೇಗ ತೆಗೆಯಬಹುದಾದ' ಕ್ರಮವನ್ನೇ ಸಾಮಾನ್ಯ ಮಾಡಿದ್ದಾರೆ. ಅಂದರೆ ಮೊದಲನೆಯ ಮೊಳೆಯಲ್ಲಿ ಚೀಟಿ ಸಿಕ್ಕಿಸದೆ ಆಗಿಂದಾಗಲೇ ಬರೆಯುವುದು. ಆದರೆ ನಿಮ್ಮ ಕಂಪ್ಯೂಟರ್ ಅದಕ್ಕಿಂತ ಹಳೆಯದ್ದೇ, ಯಾರಾದರೂ ಆ ಕ್ರಮವನ್ನು ಬದಲಿಸಿದ್ದಾರೆಯೇ, ಯಾರು ನೋಡುತ್ತಾರೆ? ಮ್ಯಾಕ್ ಮತ್ತು ಲಿನಕ್ಸಿನಲ್ಲಿ ಎಜೆಕ್ಟ್ ಮಾಡಲೇಬೇಕು. ಕೆಳಗಿನ ಮೂಲೆಯ ಚಿಹ್ನೆ ಒತ್ತಿ 'ಈಗ ತೆಗೆಯಬಹುದು' ಎಂದ ಮೇಲೆ ತೆಗೆಯಿರಿ, ಎಲ್ಲ ಕಡೆಗೂ ಸರಿಯಾಗುತ್ತದೆ. ಅದಕ್ಕೆ ಹಿಡಿಯುವುದು ಐದು ಸೆಕೆಂಡು.

ಡಿಸ್ಕಿನ ಕ್ರಮಗಳನ್ನು ಬದಲಿಸುವ ಪುಟದಲ್ಲಿ, ವೇಗ ಹೆಚ್ಚಲೆಂದು ವಿಂಡೋಸಿನ ಫ್ಲಶ್ ಅಪ್ಪಣೆಯನ್ನೇ ನಿಲ್ಲಿಸುವ ಒಂದು ಗುರುತಿನ ಚೌಕವೂ ಇದೆ. ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ವ್ಯವಸ್ಥೆ ಇಲ್ಲದವರು ಅದನ್ನು ಮುಟ್ಟಬಾರದೆಂದು ಅಲ್ಲೇ ಬರೆದಿದೆ. ಆದರೂ ವೇಗದ ಹುಚ್ಚಿನಲ್ಲಿ ಅದಕ್ಕೆ ಗುರುತು ಹಾಕಿಕೊಡುವ ಅಣ್ಣತಮ್ಮಂದಿರಿದ್ದಾರೆ. ನಿಮ್ಮ ಕಂಪ್ಯೂಟರನ್ನು ಯಾರಾದರೂ 'ಫಾಸ್ಟ್ ಮಾಡಿಕೊಡುತ್ತೇನೆ' ಎಂದು ಕುಳಿತರೆ ಏನು ಬದಲಿಸಿದರೆಂದು ಕೇಳಿಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ್ದು ಸೇವ್ ಒತ್ತಿದ ಬಳಿಕದ ಮಾತು. ಸೇವ್ ಒತ್ತದೇ ಇದ್ದರೆ? ವರ್ಡ್ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಒಂದು ಪ್ರತಿ ಇಡುತ್ತದೆ ನಿಜ. ಹತ್ತು ನಿಮಿಷದಲ್ಲಿ ನನ್ನ ಮಗಳು ಎರಡು ಪುಟ ಟೈಪ್ ಮಾಡುತ್ತಾಳೆ.

ಮತ್ತೆ ಆ ಸಹೋದರಿಯ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಹೇಳಿದ್ದು, ಡಿಸ್ಕಿಗೆ ಇನ್ನು ಏನನ್ನೂ ಕಾಪಿ ಮಾಡಬೇಡಿ, ವಿಂಡೋಸ್ 'ಸರಿಪಡಿಸಲೇ' ಎಂದು ಕೇಳಿದರೂ ಬೇಡವೆನ್ನಿ ಎಂದು. ಹಾಗೆ ಸರಿಪಡಿಸುವಾಗ ಅದು ಪರಿವಿಡಿಯನ್ನು ನೇರ ಮಾಡುತ್ತದೆಯೇ ಹೊರತು ಕಳೆದ ಪುಟಗಳನ್ನು ಹುಡುಕಿ ಕೊಡುವುದಿಲ್ಲ, ಉಳಿದಿದ್ದ ತುಣುಕುಗಳೂ ಅದರಲ್ಲಿ ಹೋಗಬಹುದು. ಎರಡನೆಯದು ಮೊಬೈಲ್. "ಅಳಿಸಿದ್ದು ಮೊಬೈಲಿನಲ್ಲಿಯೇ ಕೈಯಿಂದಲಾ, ಕಂಪ್ಯೂಟರಿನಿಂದಲಾ?" ಎಂದು ಕೇಳಿದೆ. ಮೊಬೈಲಿನಲ್ಲಿಯೇ ಅಂದರು. ಹಾಗಾದರೆ ಆಸೆಯಿದೆ. ಈಗಿನ ಹಲವು ಮೊಬೈಲುಗಳಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ, ಕಸದ ಬುಟ್ಟಿಯಲ್ಲಿ ಹೆಚ್ಚಾಗಿ ಮೂವತ್ತು ದಿನ ಇರುತ್ತದೆ. ಆ ದಿನಕ್ಕೆ ಹತ್ತೊಂಬತ್ತು ದಿನವಾಗಿತ್ತು.

ಮಗನಿಗೆ ಏನು ಹೇಳಲಿ ಟೀಚರ್ ಎಂದು ಕೊನೆಯಲ್ಲಿ ಕೇಳಿದರು. ನನ್ನ ಹುಡುಗನ ಕಥೆಯನ್ನು ಅವರಿಗೆ ಹೇಳಿದೆ. ಅವನು ಈಗ ಗಲ್ಫಿನಲ್ಲಿದ್ದಾನೆ, ಎರಡು ಮಕ್ಕಳ ತಂದೆ. ತಂಗಿಯ ಮದುವೆಗೆ ಬಂದಾಗ ಸಿಕ್ಕಿದ್ದ. ಡಿಸ್ಕಿನ ಕಥೆಯನ್ನೆಲ್ಲ ಅವನಿಗೆ ವಿವರಿಸಿ, ಅಂದು ನಿನ್ನನ್ನು ನಂಬದೆ ತಪ್ಪು ಮಾಡಿದೆ ಎಂದೆ. ಅಂಕಪಟ್ಟಿ ಅವನಿಗೆ ನೆನಪಿರಲಿಲ್ಲ. "ಟೀಚರ್, ನೀವು ಆ ಕೋಣೆಯ ಬೀಗದ ಕೈ ನನ್ನಿಂದ ವಾಪಸು ತೆಗೆದುಕೊಂಡದ್ದು ನೆನಪಿದೆ" ಎಂದ. ನಗುತ್ತಲೇ ಹೇಳಿದ.

ಆ ಸಹೋದರಿ ಅಂದೇ ಸಂಜೆ ಮತ್ತೆ ಫೋನ್ ಮಾಡಿದರು. ಮೊಬೈಲಿನ ಬುಟ್ಟಿಯಲ್ಲಿ ಏಳು ಸಿಕ್ಕಿವೆ. ಉಳಿದ ನಾಲ್ಕನ್ನು ಜಾಗ ಸಾಲದೆ ಅವರು ಬುಟ್ಟಿಯಿಂದಲೂ ತೆಗೆದಿದ್ದರಂತೆ. ಅದಕ್ಕಾಗಿ ಡಿಸ್ಕನ್ನು ಮಂಗಳೂರಿನಲ್ಲಿ ಡಾಟಾ ರಿಕವರಿ ಮಾಡುವವರೊಬ್ಬರಿಗೆ ಕೊಟ್ಟಿದ್ದಾರೆ. ತುಣುಕು ತುಣುಕಾಗಿ ಬರಬಹುದು, ಬಾರದೆಯೂ ಇರಬಹುದು ಎಂದು ಅಲ್ಲಿಯವರು ಹೇಳಿದ್ದಾರೆ. ಸಿಕ್ಕಿದ ಏಳನ್ನು ಈಗ ಎರಡು ಕಡೆ ಇಟ್ಟಿದ್ದಾರೆ. ಕಾಪಿ ಮಾಡಿಕೊಟ್ಟದ್ದು, ಎಜೆಕ್ಟ್ ಮಾಡಿ ದೀಪ ಆರುವವರೆಗೆ ಕಾದು ಕುಳಿತದ್ದು ಅದೇ ಮಗ.